ನ್ಯೂಕ್‌ಮ್ಯಾಪ್ ಅನ್ನು ಹತ್ತನೇ ತರಗತಿ ಮಕ್ಕಳಿಗೆ ತೋರಿಸಬಹುದಾ?

ಹಾಸನದ ಮೇಷ್ಟ್ರು · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ವಿಷಯಕ್ಕೆ ನಿಮ್ಮೆಲ್ಲರ ಸಲಹೆ ಬೇಕು.

ಸಮಾಜ ಪಾಠದಲ್ಲಿ ಎರಡನೇ ಮಹಾಯುದ್ಧ ಮುಗಿದಿದೆ. ಮರುದಿನ ನನ್ನ ಪೀರಿಯಡ್‌ನಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಹಿರೋಶಿಮಾ ಮೇಲೆ ಹಾಕಿದ ಬಾಂಬ್ ನಮ್ಮೂರಿನ ಮೇಲೆ ಬಿದ್ದರೆ ಹಾಸನದವರೆಗೂ ಹೋಗುತ್ತಾ?" ನಾಳೆ ಹೇಳುತ್ತೇನೆ ಅಂದೆ.

ಮನೆಗೆ ಬಂದು ನ್ಯೂಕ್‌ಮ್ಯಾಪ್ ತೆರೆದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಮೆರಿಕದ ಅಲೆಕ್ಸ್ ವೆಲ್ಲರ್‌ಸ್ಟೈನ್ ಅನ್ನುವ ವಿಜ್ಞಾನ ಇತಿಹಾಸಕಾರರು 2012ರ ಫೆಬ್ರವರಿಯಲ್ಲಿ ಶುರು ಮಾಡಿದ ಸೈಟ್ ಅದು. ಭೂಪಟದಲ್ಲಿ ಒಂದು ಜಾಗ ಆರಿಸಬೇಕು. ಎಷ್ಟು ಕಿಲೋಟನ್ ಬಾಂಬ್ (ಒಂದು ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ), ಗಾಳಿಯಲ್ಲಿ ಸಿಡಿಯುತ್ತದಾ ನೆಲದ ಮೇಲಾ ಅಂತ ಹೇಳಬೇಕು. ಆಮೇಲೆ ಬಟನ್ ಒತ್ತಿದರೆ ಬಣ್ಣದ ವೃತ್ತಗಳು ಮೂಡುತ್ತವೆ. ಬೆಂಕಿಯುಂಡೆ ಎಷ್ಟು ದೂರ, ಮನೆ ಬೀಳುವುದು ಎಷ್ಟು ದೂರ, ಚರ್ಮ ಸುಡುವುದು ಎಷ್ಟು ದೂರ, ಎಲ್ಲ ಗೊತ್ತಾಗುತ್ತದೆ.

ನಮ್ಮೂರಿನ ಬಸ್ ಸ್ಟ್ಯಾಂಡ್ ಮೇಲೆ ಗುರುತು ಇಟ್ಟೆ. 15 ಕಿಲೋಟನ್ ಅಂತ ಹಾಕಿದೆ. ಒತ್ತಲು ಸ್ವಲ್ಪ ಹೊತ್ತು ಕೈ ಬರಲಿಲ್ಲ. ಒತ್ತಿದ ಮೇಲೆ ನೋಡಿದರೆ ಶಾಲೆ, ಡೇರಿ, ಕೆರೆ ಏರಿ, ನನ್ನ ತಂಗಿಯ ಮನೆ ಎಲ್ಲವೂ ಒಂದೇ ವೃತ್ತದ ಒಳಗೆ. ಹಾಸನ ಮಾತ್ರ ಎಲ್ಲ ವೃತ್ತಗಳಿಂದಲೂ ದೂರ.

ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಇದನ್ನು ಹಾಗೇ ಸ್ಮಾರ್ಟ್ ಬೋರ್ಡ್ ಮೇಲೆ ತೋರಿಸಬೇಕಾ ಅನ್ನುವುದೇ ಈಗ ನನ್ನ ಪ್ರಶ್ನೆ. 15 ವರ್ಷದ ಮಕ್ಕಳು. ಹೆದರುತ್ತಾರಾ? ಅಥವಾ ಅದಕ್ಕಿಂತ ಕೆಟ್ಟದ್ದು, ಖುಷಿ ಪಡುತ್ತಾರಾ?

---

ಕೋಡು ಕಾಫಿ · ಸೋಮವಾರ ರಾತ್ರಿ 10:02

ಮೇಷ್ಟ್ರೇ, ಖಂಡಿತ ತೋರಿಸಿ. ಆದರೆ ವೃತ್ತಗಳು ಎಲ್ಲಿಂದ ಬಂದವು ಅನ್ನುವುದನ್ನೂ ಹೇಳಿ. ನಾನು ಸಾಫ್ಟ್‌ವೇರ್ ಕೆಲಸದವನು, ಇದರ ಹಿಂದಿನ ಲೆಕ್ಕ ಏನು ಅಂತ ಒಮ್ಮೆ ಕೂತು ಓದಿದ್ದೆ.

ಮೂಲ ಲೆಕ್ಕಗಳು ತುಂಬಾ ಹಳೆಯವು. ಸ್ಯಾಮ್ಯುಯೆಲ್ ಗ್ಲಾಸ್‌ಸ್ಟನ್ ಮತ್ತು ಫಿಲಿಪ್ ಡೋಲನ್ ಸೇರಿ ಮಾಡಿದ, ಅಮೆರಿಕ ಸರ್ಕಾರ 1977ರಲ್ಲಿ ಹೊರತಂದ ಪುಸ್ತಕವೇ ಇದಕ್ಕೆ ಮುಖ್ಯ ಆಧಾರ. ಅದರ ಮೊದಲ ರೂಪ 1950ರಲ್ಲೇ ಬಂದಿತ್ತು. ಆ ಪುಸ್ತಕದ ಹಿಂದಿನ ರಟ್ಟಿನ ಜೇಬಿನಲ್ಲಿ ಒಂದು ದುಂಡನೆಯ ಲೆಕ್ಕದ ಚಕ್ರ ಇಟ್ಟುಕೊಡುತ್ತಿದ್ದರು. ಒಂದರ ಮೇಲೊಂದು ತಿರುಗುವ ಪ್ಲಾಸ್ಟಿಕ್ ತಟ್ಟೆಗಳು. ಬಾಂಬಿನ ಶಕ್ತಿಗೆ ಒಂದು ತಟ್ಟೆ ಹೊಂದಿಸಿ, ದೂರಕ್ಕೆ ಇನ್ನೊಂದನ್ನು ತಿರುಗಿಸಿದರೆ ಅಲ್ಲಿ ಎಷ್ಟು ಒತ್ತಡ, ಎಷ್ಟು ಶಾಖ ಅಂತ ಕಿಂಡಿಯಲ್ಲಿ ಕಾಣುತ್ತಿತ್ತು. ಇಂಟರ್ನೆಟ್ ಬರುವ ಎಷ್ಟೋ ವರ್ಷ ಮೊದಲಿನ ನ್ಯೂಕ್‌ಮ್ಯಾಪ್ ಅದು. ವೆಲ್ಲರ್‌ಸ್ಟೈನ್ ಅದನ್ನು ನಮ್ಮ ಬೀದಿಯ ಭೂಪಟದ ಮೇಲೆ ತಂದಿಟ್ಟರು. ನನ್ನ ಪ್ರಕಾರ ಅದೇ ದೊಡ್ಡ ಕೆಲಸ. "5 ಪಿಎಸ್‌ಐ" (ಒತ್ತಡದ ಅಳತೆ) ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. "ನಿಮ್ಮ ತಂಗಿಯ ಮನೆ" ಅಂದರೆ ಅನಿಸುತ್ತದೆ.

ಹಿರೋಶಿಮಾ ಬಾಂಬಿನ ಹಾಗೆ 15 ಕಿಲೋಟನ್ ಗಾಳಿಯಲ್ಲಿ ಸಿಡಿದರೆ ಬರುವ ಅಂದಾಜು ದೂರಗಳು ಹೀಗಿವೆ. ಬೆಂಕಿಯುಂಡೆ ಸುಮಾರು 200 ಮೀಟರ್. ಜೀವಕ್ಕೇ ಅಪಾಯ ಆಗುವಷ್ಟು ವಿಕಿರಣ 1.2 ಕಿಲೋಮೀಟರ್. ಸಾಮಾನ್ಯ ಮನೆಗಳು ಬೀಳುವ 5 ಪಿಎಸ್‌ಐ ಒತ್ತಡ 1.7 ಕಿಲೋಮೀಟರ್. ಚರ್ಮ ಪೂರ್ತಿ ಸುಡುವ ಶಾಖ 1.9 ಕಿಲೋಮೀಟರ್. ಕಿಟಕಿ ಗಾಜು ಒಡೆಯುವ 1 ಪಿಎಸ್‌ಐ 4.5 ಕಿಲೋಮೀಟರ್.

ಪಿಎಸ್‌ಐ ಅನ್ನು ಮಕ್ಕಳಿಗೆ ಹೀಗೆ ಹೇಳಿ. 5 ಪಿಎಸ್‌ಐ ಅಂದರೆ ಒಂದು ಚದರ ಮೀಟರ್ ಮೇಲೆ ಮೂರೂವರೆ ಟನ್ ಭಾರ. ನಿಮ್ಮ ತರಗತಿಯ ಬಾಗಿಲು ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರ ಇದ್ದರೆ ಅದರ ಮೇಲೆ 7 ಟನ್. ಒಂದು ಕ್ಷಣ ಆ ಬಾಗಿಲಿಗೆ ಲೋಡ್ ಲಾರಿ ಒರಗಿದ ಹಾಗೆ. 1 ಪಿಎಸ್‌ಐ ಕೇಳಿದರೆ ಕಡಿಮೆ ಅನಿಸುತ್ತದೆ ಅಲ್ವಾ? ಒಂದು ಮೀಟರ್ ಚದರದ ಕಿಟಕಿ ಮೇಲೆ ಅದೂ 700 ಕಿಲೋ.

---

ಜಯನಗರದ ಅಮ್ಮ · ಸೋಮವಾರ ರಾತ್ರಿ 11:25

ನಾನು ಬೇಡ ಅನ್ನುತ್ತೇನೆ ಸರ್. ಕಾರಣವನ್ನೂ ಹೇಳುತ್ತೇನೆ.

ಗಡಿಯಲ್ಲಿ ಗಲಾಟೆ ಜೋರಾಗಿದ್ದ ದಿನಗಳಲ್ಲಿ ನನ್ನ ಮಗ ಇದೇ ಸೈಟ್ ಹಿಡಿದು ಕೂತಿದ್ದ. ಅವನಿಗೆ 14 ವರ್ಷ. ಲಾಹೋರ್ ಮೇಲೆ ಒಂದು, ಕರಾಚಿ ಮೇಲೆ ಒಂದು. ಪಕ್ಕದಲ್ಲಿ ಸತ್ತವರು ಎಷ್ಟು, ಗಾಯಗೊಂಡವರು ಎಷ್ಟು ಅಂತ ಸಂಖ್ಯೆ ಬರುತ್ತದೆ ಅಲ್ವಾ, ಅದನ್ನು ಸ್ಕೋರ್ ಥರ ಗೆಳೆಯರಿಗೆ ಕಳಿಸುತ್ತಿದ್ದ. ಯಾರಿಗೆ ಜಾಸ್ತಿ ಬರುತ್ತೆ ಅಂತ ಪೈಪೋಟಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದೊಡ್ಡವರೂ ಅದೇ ಚಿತ್ರಗಳನ್ನು ಹಾಕಿ ಕುಣಿದರು. ಆವತ್ತು ನನಗೆ ಊಟ ಸೇರಲಿಲ್ಲ.

ಮಗನನ್ನು ಬೈದೆ. "ಅಮ್ಮ, ಇದು ಸುಮ್ನೆ ಮ್ಯಾಪ್" ಅಂದ. ನನ್ನ ಭಯ ಇರುವುದೇ ಅಲ್ಲಿ. ಅವನಿಗೆ ಅದು ಸುಮ್ನೆ ಮ್ಯಾಪ್.

---

ಕೋಡು ಕಾಫಿ · ಸೋಮವಾರ ರಾತ್ರಿ 11:48

ಮೇಡಂ, ನೀವು ಹೇಳಿದ್ದು ನಿಜ. ಆ ಸಂಖ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಮಗನಿಗೂ ಹೇಳಿ.

ಅದು ಎಣಿಸಿದ ಸಂಖ್ಯೆ ಅಲ್ಲ. ಒಂದು ಪ್ರದೇಶದಲ್ಲಿ ದಿನದ 24 ಗಂಟೆಯ ಸರಾಸರಿಯಲ್ಲಿ ಎಷ್ಟು ಜನ ಇರುತ್ತಾರೆ ಅನ್ನುವ ಜನಸಂಖ್ಯೆಯ ಚೌಕಗಳ ಮೇಲೆ ಮಾಡಿದ ಅಂದಾಜು. ಸಂತೆ ದಿನವಾ, ಜಾತ್ರೆಯಾ, ಶಾಲೆ ಬಿಡುವ ಹೊತ್ತಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ನೆಲದ ಮೇಲೆ ಸಿಡಿದಾಗ ಉದುರುವ ವಿಕಿರಣದ ಬೂದಿಯಿಂದ ಸಾಯುವವರು ಆ ಸಂಖ್ಯೆಯಲ್ಲಿ ಸೇರಿಲ್ಲ. ಆಮೇಲೆ ಬರುವ ಹಸಿವು ಅಂತೂ ಇಲ್ಲವೇ ಇಲ್ಲ.

ಭಾರತ ಮತ್ತು ಪಾಕಿಸ್ತಾನದ ನಡುವೆ ಅಣುಯುದ್ಧ ಆದರೆ ಏನಾಗುತ್ತದೆ ಅಂತ 2019ರಲ್ಲಿ ಓವನ್ ಟೂನ್, ಅಲನ್ ರೋಬಾಕ್ ಮತ್ತಿತರ ವಿಜ್ಞಾನಿಗಳು ಲೆಕ್ಕ ಹಾಕಿದರು. ಬಾಂಬುಗಳಿಂದಲೇ 5 ಕೋಟಿಯಿಂದ 12.5 ಕೋಟಿ ಜನ ಸಾಯಬಹುದು. ಊರುಗಳು ಉರಿದ ಕರಿಹೊಗೆ ಆಕಾಶದ ಮೇಲ್ಪದರಕ್ಕೆ ಏರಿ ಬಿಸಿಲನ್ನೇ ತಡೆಯುತ್ತದೆ. ಮಳೆ ಕಡಿಮೆ, ಬೆಳೆ ಕಡಿಮೆ. 2022ರ ಇನ್ನೊಂದು ಅಧ್ಯಯನದ ಪ್ರಕಾರ ಆ ಬರಗಾಲದಲ್ಲಿ ಜಗತ್ತಿನಾದ್ಯಂತ 200 ಕೋಟಿಗೂ ಹೆಚ್ಚು ಜನ ಸಾಯಬಹುದು. ಲಾಹೋರ್ ಮೇಲೆ ಎಳೆದ ವೃತ್ತದಲ್ಲಿ ಇದು ಯಾವುದೂ ಕಾಣುವುದಿಲ್ಲ.

---

ಬಯಲುಸೀಮೆ · ಮಂಗಳವಾರ ಬೆಳಗ್ಗೆ 6:50

ಅಮ್ಮ, ಮಗನಿಗೆ ಇನ್ನೊಂದು ಕೆಲಸ ಕೊಡಿ. ಅದೇ ಸೈಟಿನಲ್ಲಿ ಲಾಹೋರ್ ಮೇಲೆ ಬಾಂಬನ್ನು ನೆಲದ ಮೇಲೆ ಸಿಡಿಸಲು ಹೇಳಿ. ಆಗ ವೃತ್ತಗಳ ಜೊತೆ ಉದ್ದಕ್ಕೆ ಚಾಚಿದ ಬೂದಿಯ ಪಟ್ಟೆಯೂ ಬರುತ್ತದೆ. ಗಾಳಿಯ ದಿಕ್ಕನ್ನು ನಾವೇ ತಿರುಗಿಸಬಹುದು. ಪಶ್ಚಿಮದಿಂದ ಗಾಳಿ ಬೀಸುವ ಹಾಗೆ ಇಟ್ಟು ನೋಡಲಿ. ಅಮೃತಸರ ಅಲ್ಲಿಂದ ಸುಮಾರು 50 ಕಿಲೋಮೀಟರ್ ಅಷ್ಟೇ.

---

ಜಯನಗರದ ಅಮ್ಮ · ಮಂಗಳವಾರ ಬೆಳಗ್ಗೆ 7:15

ಇವತ್ತು ಸಂಜೆ ಅವನ ಪಕ್ಕದಲ್ಲೇ ಕೂತು ನೋಡುತ್ತೇನೆ.

---

ತುಂಗೆಯ ದಡ · ಮಂಗಳವಾರ ಮಧ್ಯಾಹ್ನ 1:30

ನಾನು ಓದಿಗಾಗಿ ಹಿರೋಶಿಮಾದಲ್ಲಿ ಮೂರು ವರ್ಷ ಇದ್ದೆ. ಊರು ಶಿವಮೊಗ್ಗ ಕಡೆ. ಮೇಷ್ಟ್ರಿಗೆ ಉಪಯೋಗ ಆಗಬಹುದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಾಂಬ್ ಸಿಡಿದದ್ದು ಶಿಮಾ ಆಸ್ಪತ್ರೆಯ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ. 1945ರ ಆಗಸ್ಟ್ 6, ಬೆಳಗ್ಗೆ 8:15. ಗುರಿ ಇಟ್ಟದ್ದು ಹತ್ತಿರದ ಐಒಯಿ ಸೇತುವೆಗೆ. ಈಗಲೂ ಅಲ್ಲಿ ಆಸ್ಪತ್ರೆ ಇದೆ. ಪಕ್ಕದ ಚಿಕ್ಕ ಬೀದಿಯಲ್ಲಿ ಒಂದು ಸಣ್ಣ ಕಲ್ಲು, ಅದರ ಮೇಲೆ ಒಂದು ಫಲಕ, ಅಷ್ಟೇ. ಪ್ರವಾಸಿಗಳೆಲ್ಲ ನದಿ ದಡದಲ್ಲಿ, ಬಾಂಬಿಗೆ ಸಿಕ್ಕೂ ನಿಂತ ಕಟ್ಟಡದ ಗುಮ್ಮಟದ ಹತ್ತಿರ ಇರುತ್ತಾರೆ. ಈ ಬೀದಿಗೆ ಬರುವವರು ಕಡಿಮೆ. ನಾನು ಹೋದಾಗ ಒಬ್ಬರು ಸೈಕಲ್ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದರು.

ನ್ಯೂಕ್‌ಮ್ಯಾಪ್ ವೃತ್ತಗಳನ್ನು ಫೋನಿನಲ್ಲಿ ಇಟ್ಟುಕೊಂಡು ಆ ಕಲ್ಲಿನಿಂದ ಒಮ್ಮೆ ನಡೆದೆ. ಆಗ್ನೇಯಕ್ಕೆ ಹಿಜಿಯಾಮ ಗುಡ್ಡದ ಕಡೆ. ಮಾಮೂಲಿ ನಡಿಗೆ. ಬೆಂಕಿಯುಂಡೆಯ ವೃತ್ತ ದಾಟಲು ಎರಡೂವರೆ ನಿಮಿಷ. 1.7 ಕಿಲೋಮೀಟರ್ ದಾಟಲು 20 ನಿಮಿಷಕ್ಕಿಂತ ಜಾಸ್ತಿ ಬೇಕಾಯಿತು, ಸಿಗ್ನಲ್‌ಗಳಲ್ಲಿ ನಿಲ್ಲಬೇಕಲ್ಲ. ಟ್ರಾಮ್ ಹೋಗುತ್ತಿತ್ತು. ಬೇಕರಿಯಿಂದ ವಾಸನೆ ಬರುತ್ತಿತ್ತು. ಪರದೆಯ ಮೇಲೆ ಬೆರಳಿನ ಉಗುರಿನಷ್ಟು ಕಂಡ ವೃತ್ತದ ಒಳಗೆ ಎಷ್ಟು ಮನೆ, ಎಷ್ಟು ಅಂಗಡಿ, ಎಷ್ಟು ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ ಅನ್ನುವುದು ನಡೆದಾಗಲೇ ನನಗೆ ಗೊತ್ತಾಗಿದ್ದು.

ಇನ್ನೊಂದು ವಿಷಯ. ಹಿಜಿಯಾಮ ಸುಮಾರು 70 ಮೀಟರ್ ಎತ್ತರದ ಸಣ್ಣ ಗುಡ್ಡ. ಅದರ ಹಿಂದೆ ದಾನ್‌ಬಾರಾ ಅಂತ ಒಂದು ಬಡಾವಣೆ. ಗುಡ್ಡ ಅಡ್ಡ ಇದ್ದದ್ದಕ್ಕೆ ಅಲ್ಲಿನ ಎಷ್ಟೋ ಮನೆಗಳು ಸುಡದೆ ಉಳಿದವು. ಸೈಟಿನ ವೃತ್ತಕ್ಕೆ ಗುಡ್ಡ ಗೊತ್ತಿಲ್ಲ. ಅದು ಚಪ್ಪಟೆ ನೆಲದ ಮೇಲೆ ಎಳೆದ ಗೆರೆ. ನಾಗಸಾಕಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಬಾಂಬ್ 21 ಕಿಲೋಟನ್, ಹಿರೋಶಿಮಾದ್ದಕ್ಕಿಂತ ದೊಡ್ಡದು. ಆದರೆ ಸಿಡಿದದ್ದು ಉರಾಕಾಮಿ ಕಣಿವೆಯ ಮೇಲೆ. ಸುತ್ತಲಿನ ಗುಡ್ಡಗಳು ಊರಿನ ಉಳಿದ ಭಾಗವನ್ನು ಕಾಪಾಡಿದವು. ಹಿರೋಶಿಮಾ ಮಾತ್ರ ನದಿಮುಖಜ ಭೂಮಿಯ ಸಮತಟ್ಟು ಊರು. ವರ್ಷದ ಕೊನೆಯ ಹೊತ್ತಿಗೆ ಅಲ್ಲಿ ಸತ್ತವರು ಸುಮಾರು 1,40,000. ನಾಗಸಾಕಿಯಲ್ಲಿ ಸುಮಾರು 74,000.

ಕೋಡು ಕಾಫಿಯವರು ಸರಾಸರಿ ಜನಸಂಖ್ಯೆ ಬಗ್ಗೆ ಬರೆದರಲ್ಲ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಆವತ್ತು ಬೆಳಗ್ಗೆ ಹಿರೋಶಿಮಾದ ನಡು ಊರಿನಲ್ಲಿ ಸಾವಿರಾರು ಶಾಲಾ ಮಕ್ಕಳು ಬಯಲಿನಲ್ಲಿ ಕೆಲಸ ಮಾಡುತ್ತಿದ್ದರು. 12, 13 ವರ್ಷದವರು. ವಿಮಾನ ದಾಳಿಯಾದರೆ ಬೆಂಕಿ ಹರಡಬಾರದು ಅಂತ ಮನೆಗಳನ್ನು ಕೆಡವಿ ಜಾಗ ತೆರವು ಮಾಡಿಸುತ್ತಿದ್ದರು. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಮ್ಯೂಸಿಯಂನಲ್ಲಿ ಅವರ ಸುಟ್ಟ ಅಂಗಿಗಳು, ಊಟದ ಡಬ್ಬಿಗಳು ಇವೆ. ಡಬ್ಬಿಯ ಒಳಗಿನ ಅನ್ನ ಕರಿ ಇದ್ದಲಾಗಿದೆ.

ಮೇಷ್ಟ್ರೇ, ನಿಮ್ಮ ಮಕ್ಕಳಿಗೆ ನಿಮ್ಮೂರಿನ ಮೇಲೆ ವೃತ್ತ ಎಳೆದು ತೋರಿಸಬೇಡಿ. ಹಿರೋಶಿಮಾ ಮೇಲೆಯೇ ಎಳೆಯಿರಿ. ಅಲ್ಲಿ ಅದು ನಿಜವಾಗಿ ನಡೆದಿದೆ.

---

ಹಾಸನದ ಮೇಷ್ಟ್ರು · ಮಂಗಳವಾರ ಸಂಜೆ 5:40

ತುಂಗೆಯ ದಡದವರೇ, ನಿಮ್ಮ ಬರಹವನ್ನು ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿದೆ. ಸಮಾಜದ ಮೇಡಂ ಡಬ್ಬಿಯ ಸಾಲು ಬಂದಾಗ ಎದ್ದು ಹೊರಗೆ ಹೋದರು. ನಮ್ಮ ಮಕ್ಕಳೂ ಡಬ್ಬಿ ತರುವವರೇ.

ಯೋಚನೆ ಬದಲಾಗಿದೆ. ಇನ್ನೂ ಯಾರಾದರೂ ಹೇಳುವುದಿದ್ದರೆ ಹೇಳಿ.

---

ರಾತ್ರಿಪಾಳಿ · ಮಂಗಳವಾರ ರಾತ್ರಿ 8:20

ನಾನು ನರ್ಸ್. ಬರ್ನ್ಸ್ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಆ ಸೈಟಿನಲ್ಲಿ "ಗಾಯಗೊಂಡವರು" ಅಂತ ಒಂದು ಸಂಖ್ಯೆ ಬರುತ್ತದೆ. ಎಲ್ಲರೂ ಸತ್ತವರ ಸಂಖ್ಯೆಯನ್ನೇ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಇನ್ನೊಂದರ ಮೇಲೆ.

60 ಕಿಲೋ ತೂಕದ ಒಬ್ಬರಿಗೆ ಮೈ ನೂರಕ್ಕೆ 40 ಭಾಗ ಸುಟ್ಟಿದೆ ಅಂದುಕೊಳ್ಳಿ. ಮೊದಲ 24 ಗಂಟೆಯಲ್ಲಿ ರಕ್ತನಾಳಕ್ಕೆ ಎಷ್ಟು ಡ್ರಿಪ್ ಕೊಡಬೇಕು ಅನ್ನುವುದಕ್ಕೆ ನಮ್ಮಲ್ಲಿ ಒಂದು ಲೆಕ್ಕ ಇದೆ. 4 ಮಿಲಿಲೀಟರ್ ಅನ್ನು ತೂಕದಿಂದ, ಆಮೇಲೆ ಸುಟ್ಟ ಭಾಗದಿಂದ ಗುಣಿಸುವುದು. 9,600 ಮಿಲಿಲೀಟರ್ ಬರುತ್ತದೆ. ಡ್ರಿಪ್ ದ್ರವ ತುಂಬಿದ ಅರ್ಧ ಲೀಟರಿನ ಆರ್‌ಎಲ್ ಬಾಟಲಿ ಅಂದರೆ ಸುಮಾರು 20 ಬಾಟಲಿ. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು. ಒಬ್ಬರಿಗೆ ಇಷ್ಟು.

ಇದರ ಮೇಲೆ ಡ್ರೆಸ್ಸಿಂಗ್. ಇಬ್ಬರು ನರ್ಸ್ ನಿಂತು ಮಾಡಿದರೂ ಒಂದು ಗಂಟೆ ಮೀರುತ್ತದೆ. ಗಾಜ್ ಬಟ್ಟೆ ಬಿಡಿಸುವಾಗ ಅವರು ಪಡುವ ನೋವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ವಾರ್ಡಿನಲ್ಲಿ ಒಂದೇ ದಿನ ನಾಲ್ಕು ಜನ ಬಂದರೆ ಇಡೀ ಪಾಳಿ ಅಲ್ಲಾಡುತ್ತಿತ್ತು. ಸೈಟ್ ಹೇಳುವುದು ಸಾವಿರಗಳ ಲೆಕ್ಕ, ಲಕ್ಷಗಳ ಲೆಕ್ಕ.

ಹಿರೋಶಿಮಾದಲ್ಲಿ ವೈದ್ಯರು, ನರ್ಸ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಜನ ತಾವೇ ಸತ್ತರು ಅಥವಾ ಗಾಯಗೊಂಡರು. ಆಸ್ಪತ್ರೆಗಳು ಇದ್ದದ್ದೂ ವೃತ್ತದ ಒಳಗೇ. ಹಾಗಾಗಿ ಆ ಸಂಖ್ಯೆಯನ್ನು "ಗಾಯಗೊಂಡವರು, ಆಮೇಲೆ ವಾಸಿಯಾಗುತ್ತಾರೆ" ಅಂತ ಮಕ್ಕಳು ಓದಬಾರದು. ದಯವಿಟ್ಟು ಇದನ್ನು ಹೇಳಿ ಸರ್.

---

ಬಯಲುಸೀಮೆ · ಮಂಗಳವಾರ ರಾತ್ರಿ 8:55

ಗಾಜಿನ ವೃತ್ತದ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ಯಾಕೆಂದರೆ ಅಲ್ಲಿ ಇರುವವರು ಬದುಕಬಹುದು.

ಬೆಳಕು ಕೂಡಲೇ ಬರುತ್ತದೆ. ಒತ್ತಡದ ಅಲೆ ಹೆಚ್ಚುಕಡಿಮೆ ಸದ್ದಿನ ವೇಗದಲ್ಲಿ ಆಮೇಲೆ ಬರುತ್ತದೆ. ನಾಲ್ಕೂವರೆ ಕಿಲೋಮೀಟರ್ ದೂರಕ್ಕೆ ಸುಮಾರು 12 ಸೆಕೆಂಡ್. ಆ 12 ಸೆಕೆಂಡಿನಲ್ಲಿ ಜನ ಏನು ಮಾಡುತ್ತಾರೆ? ಏನದು ಬೆಳಕು ಅಂತ ಕಿಟಕಿ ಹತ್ತಿರ ಹೋಗುತ್ತಾರೆ.

2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿದಾಗ ಇದೇ ಆಯಿತು. ಸುಮಾರು 1,500 ಜನಕ್ಕೆ ಗಾಯ, ಹೆಚ್ಚಿನದು ಗಾಜಿನಿಂದ. ಅಲ್ಲಿನ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್ ಒಬ್ಬರು ಬೆಳಕು ಕಂಡ ಕೂಡಲೇ ತಮ್ಮ 44 ಮಕ್ಕಳನ್ನು ಡೆಸ್ಕಿನ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ. ಟೀಚರ್ ಕೈಗೆ ಗಾಜು ಹೊಕ್ಕಿತು.

ಮಿಂಚಿನ ಹಾಗೆ ದೊಡ್ಡ ಬೆಳಕು ಕಂಡರೆ ಕಿಟಕಿ ಬಿಟ್ಟು ದೂರ ಹೋಗಿ, ಕೆಳಗೆ ಮಲಗಿ. ಉಲ್ಕೆ ಇರಲಿ, ಪಟಾಕಿ ಗೋದಾಮು ಇರಲಿ, ಸಿಲಿಂಡರ್ ಇರಲಿ, ಈ ಬುದ್ಧಿ ಉಪಯೋಗಕ್ಕೆ ಬರುತ್ತದೆ.

---

ಉತ್ತರ ಪಿನಾಕಿನಿ · ಬುಧವಾರ ಬೆಳಗ್ಗೆ 9:30

ಗೌರಿಬಿದನೂರಿನವನು ನಾನು. ಮೇಷ್ಟ್ರಿಗೆ ಒಂದು ಮಾಹಿತಿ. ನಮ್ಮ ಊರಿನ ಹತ್ತಿರ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಕೇಂದ್ರ ಇದೆ. 1960ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಸಹಕಾರದಲ್ಲಿ ಶುರುವಾಯಿತು. ಬಂಡೆಯ ಮೇಲೆ ಸಾಲಾಗಿ ಇಟ್ಟ ಸೂಕ್ಷ್ಮ ಉಪಕರಣಗಳು. ಜಗತ್ತಿನ ಯಾವ ಮೂಲೆಯಲ್ಲಾದರೂ ನೆಲದ ಒಳಗೆ ಅಣುಪರೀಕ್ಷೆ ನಡೆದರೆ ಅದರ ಕಂಪನ ಹಿಡಿಯುವುದಕ್ಕೇ ಮಾಡಿದ್ದು. ಆ ಬಂಡೆ ನೆಲವನ್ನು ಆರಿಸಿದ್ದೂ ಅದು ಅಷ್ಟು ಶಾಂತವಾಗಿದೆ ಅನ್ನುವ ಕಾರಣಕ್ಕೆ.

ಇದನ್ನು ಯಾಕೆ ಹೇಳಿದೆ ಅಂದರೆ, ಮಕ್ಕಳು ಪೋಖ್ರಾನ್ ಬಗ್ಗೆ ಖಂಡಿತ ಕೇಳುತ್ತಾರೆ. 1974ರ ಮೇ 18ರದ್ದು, 1998ರದ್ದು ಎರಡೂ ನೆಲದ ಆಳದಲ್ಲಿ ಮಾಡಿದ ಪರೀಕ್ಷೆಗಳು. ನ್ಯೂಕ್‌ಮ್ಯಾಪ್‌ನಲ್ಲಿ ಆ ಬಗೆ ಇಲ್ಲ. ಪೋಖ್ರಾನ್ ಮೇಲೆ ವೃತ್ತ ಎಳೆದು "ಹೀಗಾಯಿತು" ಅಂದರೆ ತಪ್ಪು. 1974ರ ತಂಡದಲ್ಲಿ ಮುಂದೆ ನಿಂತಿದ್ದ ರಾಜಾ ರಾಮಣ್ಣ ಹುಟ್ಟಿದ್ದು ನಿಮ್ಮ ಪಕ್ಕದ ತಿಪಟೂರಿನಲ್ಲಿ. ಅದನ್ನೂ ಹೇಳಿ, ಮಕ್ಕಳಿಗೆ ಇದು ಬೇರೆ ಯಾರದೋ ಕಥೆ ಅನಿಸಬಾರದು.

---

ಜಯನಗರದ ಅಮ್ಮ · ಬುಧವಾರ ರಾತ್ರಿ 10:10

ನಿನ್ನೆ ಮಗನ ಜೊತೆ ಕೂತೆ. ಬಯಲುಸೀಮೆಯವರು ಹೇಳಿದ ಹಾಗೆ ಗಾಳಿಯನ್ನು ಪಶ್ಚಿಮದಿಂದ ಇಟ್ಟೆವು. ಪಟ್ಟೆ ಗಡಿ ದಾಟಿತು. ಅವನು ಸುಮ್ಮನಾದ. "ಇದಕ್ಕೆ ಗಡಿ ಗೊತ್ತಾಗಲ್ವಾ?" ಅಂದ.

ಆಮೇಲೆ ಅವನೇ ಹುಡುಕಿ ಓದಿದ್ದನ್ನು ನನಗೆ ಹೇಳಿದ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಪರೀಕ್ಷೆ ಮಾಡಿದ ಬಾಂಬ್ ಅಂದುಕೊಂಡದ್ದಕ್ಕಿಂತ ಎರಡೂವರೆ ಪಟ್ಟು ದೊಡ್ಡದಾಗಿ ಸಿಡಿಯಿತಂತೆ, 15 ಮೆಗಾಟನ್, ಅಂದರೆ 15,000 ಕಿಲೋಟನ್. ನೂರು ಕಿಲೋಮೀಟರ್‌ಗೂ ಆಚೆ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯ ಮೇಲೆ ಬಿಳಿ ಬೂದಿ ಉದುರಿತಂತೆ. 23 ಜನ ಇದ್ದರಂತೆ. ಕುಬೊಯಾಮಾ ಅನ್ನುವವರು ಆರು ತಿಂಗಳ ಮೇಲೆ ತೀರಿಕೊಂಡರಂತೆ. "ಅವರು ಯುದ್ಧದಲ್ಲೇ ಇರಲಿಲ್ಲ ಅಮ್ಮ, ಮೀನು ಹಿಡಿಯೋಕೆ ಹೋಗಿದ್ದರು" ಅಂದ.

ಸರ್, ನಾನು ಮೊದಲು ಬೇಡ ಅಂದಿದ್ದೆ. ಈಗ ಹೇಳುತ್ತೇನೆ, ತೋರಿಸಿ. ಆದರೆ ಪಕ್ಕದಲ್ಲಿ ಒಬ್ಬ ದೊಡ್ಡವರು ಇರಲೇಬೇಕು. ಒಂಟಿಯಾಗಿ ಫೋನ್ ಹಿಡಿದಾಗ ಅದು ಆಟ ಆಗುತ್ತದೆ.

---

ಕೋಡು ಕಾಫಿ · ಬುಧವಾರ ರಾತ್ರಿ 10:40

ಮೇಡಂ, ಓದಿ ಸಮಾಧಾನ ಆಯಿತು. ಮಗನಿಗೆ ಬೂದಿಯ ಬಗ್ಗೆ ಇನ್ನೊಂದು ಲೆಕ್ಕ ಹೇಳಿಕೊಡಿ. ಸಮಯ 7 ಪಟ್ಟು ಆದಾಗೆಲ್ಲ ವಿಕಿರಣದ ತೀವ್ರತೆ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಸಿಡಿದ ಒಂದು ಗಂಟೆಯ ಮೇಲೆ 100 ಇದ್ದದ್ದು 7 ಗಂಟೆಗೆ 10. 49 ಗಂಟೆಗೆ, ಅಂದರೆ ಎರಡು ದಿನಕ್ಕೆ, 1. ಅಂದಾಜು ಸೂತ್ರವೇ, ಆದರೆ ಮೊದಲ ಎರಡು ದಿನ ದಪ್ಪ ಗೋಡೆಯ ಒಳಗೆ ಇರಬೇಕು ಅನ್ನುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ಮೇಷ್ಟ್ರಿಗೆ ಒಂದು ಲೆಕ್ಕ ಬಾಕಿ ಇತ್ತು. ಬಾಂಬ್ 1,000 ಪಟ್ಟು ದೊಡ್ಡದಾದರೆ ಒತ್ತಡದ ವೃತ್ತ 1,000 ಪಟ್ಟು ದೂರ ಹೋಗುವುದಿಲ್ಲ, 10 ಪಟ್ಟು ಮಾತ್ರ. ಶಕ್ತಿ ಎಲ್ಲ ಕಡೆಗೂ ಬಲೂನಿನ ಹಾಗೆ ಹರಡುತ್ತದೆ, ಹಾಗಾಗಿ ದೂರ ಘನಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಸೈಟ್ ನೋಡಿದ ಕೆಲವರು "ಅಯ್ಯೋ ಇಷ್ಟೇನಾ" ಅನ್ನುವುದು ಇದಕ್ಕೇ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಒಂದು ಮೆಗಾಟನ್ ಬಾಂಬಿಗಿಂತ 100 ಕಿಲೋಟನ್‌ನ ಹತ್ತು ಬಾಂಬುಗಳು ಎರಡು ಪಟ್ಟಿಗೂ ಜಾಸ್ತಿ ಜಾಗ ಕೆಡವುತ್ತವೆ. ಒಂದೇ ಕ್ಷಿಪಣಿಯಲ್ಲಿ ಹಲವು ಸಣ್ಣ ಬಾಂಬ್ ಇಡುವುದಕ್ಕೆ ಇದೂ ಒಂದು ಕಾರಣ. ಸುಡುವ ಶಾಖದ ವೃತ್ತ ಇನ್ನೂ ಬೇಗ ಬೆಳೆಯುತ್ತದೆ. 100 ಕಿಲೋಟನ್‌ಗೇ ಅದು 4 ಕಿಲೋಮೀಟರ್ ದಾಟುತ್ತದೆ.

---

ಹಾಸನದ ಮೇಷ್ಟ್ರು · ಶನಿವಾರ ಮಧ್ಯಾಹ್ನ 2:15

ಪಾಠ ಮುಗಿಸಿ ಬಂದೆ. ಹೇಗಾಯಿತು ಅಂತ ಹೇಳುತ್ತೇನೆ.

ಸ್ಮಾರ್ಟ್ ಬೋರ್ಡ್ ಹಾಕಲೇ ಇಲ್ಲ. ತುಂಗೆಯ ದಡದವರು ಕಳಿಸಿದ ಹಿರೋಶಿಮಾ ಭೂಪಟವನ್ನು 1:25,000 ಅಳತೆಯಲ್ಲಿ ಪ್ರಿಂಟ್ ಮಾಡಿಸಿ ಚಾರ್ಟ್ ಶೀಟಿಗೆ ಅಂಟಿಸಿದೆ. ಐದೈದು ಮಕ್ಕಳಿಗೆ ಒಂದು ಶೀಟ್, ಒಂದು ಕೈವಾರ. ಶಿಮಾ ಆಸ್ಪತ್ರೆ ಎಲ್ಲಿದೆ ಅಂತ ಗುರುತಿಸಿ ಕೊಟ್ಟೆ. ದೂರಗಳನ್ನು ಬೋರ್ಡಿನ ಮೇಲೆ ಬರೆದೆ. ಎಷ್ಟು ಸೆಂಟಿಮೀಟರ್ ಅಂತ ಅವರೇ ಲೆಕ್ಕ ಮಾಡಿಕೊಂಡರು. ಬೆಂಕಿಯುಂಡೆ 8 ಮಿಲಿಮೀಟರ್. ಮನೆ ಬೀಳುವ ವೃತ್ತ 6.8 ಸೆಂಟಿಮೀಟರ್. ಗಾಜಿನ ವೃತ್ತ 18 ಸೆಂಟಿಮೀಟರ್. ಅಷ್ಟು ದೂರಕ್ಕೆ ಕೈವಾರ ತೆರೆಯಲಿಲ್ಲ. ದಾರಕ್ಕೆ ಪೆನ್ಸಿಲ್ ಕಟ್ಟಿ, ಒಬ್ಬಳು ನಡುವೆ ಬೆರಳಿಟ್ಟು ಒತ್ತಿ ಹಿಡಿದುಕೊಂಡು, ಇನ್ನೊಬ್ಬಳು ಸುತ್ತ ಎಳೆದಳು.

ಮೊದಲು ಮಾಮೂಲಿ ಗಲಾಟೆ ಇತ್ತು. ಆಮೇಲೆ ನಾನು ಒಂದೊಂದೇ ಹೇಳುತ್ತಾ ಹೋದೆ. ಗುಡ್ಡ, ದಾನ್‌ಬಾರಾ. ಬಯಲಿನಲ್ಲಿ ಕೆಲಸಕ್ಕೆ ಬಂದಿದ್ದ ಮಕ್ಕಳು, ಅವರ ಡಬ್ಬಿ. ರಾತ್ರಿಪಾಳಿಯವರ 20 ಬಾಟಲಿ. ಚೆಲ್ಯಾಬಿನ್‌ಸ್ಕ್ ಟೀಚರ್. ದಾನ್‌ಬಾರಾ ಹೇಳಿದಾಗ ಒಂದು ಗುಂಪು ರಬ್ಬರ್ ತಗೊಂಡು ಗುಡ್ಡದ ಹಿಂದಿನ ಗೆರೆಯನ್ನು ತಾವಾಗಿಯೇ ಅಳಿಸಿತು. ನಾನು ಹೇಳಿರಲಿಲ್ಲ.

ಲೆಕ್ಕದಲ್ಲಿ ಮುಂದಿರುವವರಿಗೆ ಇನ್ನೊಂದು ಕೊಟ್ಟೆ. ಮೊದಲ ಅಣುಪರೀಕ್ಷೆ ಟ್ರಿನಿಟಿಯ ಫೋಟೋಗಳು ಪ್ರಕಟವಾದಾಗ ಬ್ರಿಟನ್ನಿನ ವಿಜ್ಞಾನಿ ಜಿ. ಐ. ಟೇಲರ್ ಅವನ್ನು ನೋಡಿಯೇ ಬಾಂಬಿನ ಶಕ್ತಿ ಲೆಕ್ಕ ಹಾಕಿದ್ದರು. ಸೆಕೆಂಡಿನ ಸಾವಿರದಲ್ಲಿ 25 ಭಾಗ ಕಳೆದಾಗ ಬೆಂಕಿಯುಂಡೆಯ ತ್ರಿಜ್ಯ 140 ಮೀಟರ್. ತ್ರಿಜ್ಯದ ಐದನೇ ಘಾತ ತೆಗೆದು, ಗಾಳಿಯ ಸಾಂದ್ರತೆ 1.2ರಿಂದ ಗುಣಿಸಿ, ಸಮಯದ ವರ್ಗದಿಂದ ಭಾಗಿಸಬೇಕು. ಮೂವರು ಸೇರಿ ಸುಮಾರು 25 ಕಿಲೋಟನ್ ತಂದರು. 2021ರಲ್ಲಿ ವಿಜ್ಞಾನಿಗಳು ಹೊಸದಾಗಿ ಅಳೆದು ಹೇಳಿದ್ದು 24.8. ಆ ಮೂವರ ಮುಖ ನೀವು ನೋಡಬೇಕಿತ್ತು.

ಕೊನೆಗೆ ಸದಾಕೊ ಸಸಾಕಿಯ ಕಥೆ ಹೇಳಿದೆ. ಕಾಗದದ ಕೊಕ್ಕರೆ ಮಡಿಸುತ್ತಿದ್ದ ಹುಡುಗಿ. ಬಾಂಬ್ ಬಿದ್ದಾಗ 2 ವರ್ಷ, ಅವಳ ಮನೆ ಸುಮಾರು 1.7 ಕಿಲೋಮೀಟರ್ ದೂರ. ಮೈಮೇಲೆ ಗಾಯ ಇರಲಿಲ್ಲ. ಹತ್ತು ವರ್ಷದ ಮೇಲೆ ರಕ್ತದ ಕ್ಯಾನ್ಸರ್ ಬಂತು. 1955ರ ಅಕ್ಟೋಬರ್ 25ರಂದು ತೀರಿಕೊಂಡಳು. 12 ವರ್ಷ.

ಮೊದಲು ಪ್ರಶ್ನೆ ಕೇಳಿದ ಹುಡುಗ ಶೀಟಿನ ಮೇಲೆ ಬಗ್ಗಿ ನೋಡುತ್ತಿದ್ದ. "ಸರ್, ಹಾಗಾದರೆ ಅವಳ ಮನೆ ಗೆರೆಯ ಒಳಗಾ, ಹೊರಗಾ?"

ಅಳತೆಪಟ್ಟಿ ಇಟ್ಟು ಇಬ್ಬರೂ ನೋಡಿದೆವು. ಗೆರೆ ಮೇಲೇ ಬರುತ್ತದೆ. ಪೆನ್ಸಿಲ್ ಗೆರೆಯ ದಪ್ಪವೇ ನೆಲದ ಮೇಲೆ ಒಂದು ಬೀದಿಯಷ್ಟು ಆಗುತ್ತದೆ. ಗೊತ್ತಾಗುವುದಿಲ್ಲ ಕಣೋ ಅಂದೆ. ಅವನು ಕೈವಾರ ಎತ್ತಿಕೊಂಡು, ಪೆನ್ಸಿಲ್ ಚೂಪು ಮಾಡಿ, ಮತ್ತೆ ಮೊದಲಿಂದ ಎಳೆಯಲು ಶುರು ಮಾಡಿದ. ಬೆಲ್ ಹೊಡೆದರೂ ಏಳಲಿಲ್ಲ.

---

ತುಂಗೆಯ ದಡ · ಶನಿವಾರ ಸಂಜೆ 4:05

ಮೇಷ್ಟ್ರೇ, ಅವಳ ಮನೆ ಇದ್ದದ್ದು ಕುಸುನೊಕಿ ಬಡಾವಣೆಯಲ್ಲಿ, ಊರಿನ ಉತ್ತರದ ಕಡೆ, ನದಿ ಪಕ್ಕ. ಆ ಭಾಗದ್ದೇ ದೊಡ್ಡ ಅಳತೆಯ ಭೂಪಟ ನನ್ನ ಹತ್ತಿರ ಇದೆ, ಬೀದಿ ಬೀದಿಯೂ ಕಾಣುತ್ತದೆ. ಸ್ಕ್ಯಾನ್ ಮಾಡಿ ಸೋಮವಾರದ ಒಳಗೆ ಕಳಿಸುತ್ತೇನೆ. ಆ ಹುಡುಗನಿಗೇ ಕೊಡಿ.